ಅನ್ನದ ಕೆಳಗಿನ ತುಪ್ಪ

ಆ ವರ್ಷವನ್ನು ನೆನೆದರೆ ಎಲ್ಲವೂ ಅರೆನಿದ್ದೆಯಲ್ಲಿ ಕಂಡಂತೆ ಕಾಣುತ್ತದೆ. ಪಿತ್ತಕೋಶದಲ್ಲಿ ಕಲ್ಲು ಬೆಳೆಸಿಕೊಂಡು, ಆ ಚೀಲವನ್ನೇ ತೆಗೆಸಿಕೊಳ್ಳಲು ಮೈಯನ್ನು ಅಣಿ ಮಾಡುತ್ತ ಕಳೆದ ವರ್ಷ ಅದು. ಐವತ್ತರ ದಶಕ ಮುಗಿದು ಅರವತ್ತು ಶುರುವಾಗಿತ್ತು. ನನಗೆ ಮೂವತ್ತು ದಾಟಿತ್ತು. ನೋವು ಬಂದಾಗ ಚುಚ್ಚುತ್ತಿದ್ದ ಇಂಜೆಕ್ಷನ್ನಿನ ಮಂಪರು, ಜಿಡ್ಡಿಲ್ಲದ ಊಟದ ನಿಶ್ಶಕ್ತಿ, ಜಗಲಿಯಲ್ಲಿ ಮಲಗಿದರೆ ಕಾಣುತ್ತಿದ್ದ ಹಿಪ್ಪುನೇರಳೆ ತೋಟದ ಹಸಿರು, ಎಲ್ಲ ಒಂದರೊಳಗೊಂದು ಕಲಸಿಹೋಗಿವೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೆಂಡತಿಯನ್ನು ಕೇಳಿಯೇ ತಿಳಿಯಬೇಕಾಗಿತ್ತು. ಒಂದು ಸಂಜೆಯ ಊಟ ಮತ್ತು ಅದರ ಮರುದಿನ ಮಾತ್ರ ನನಗೆ ಯಾರೂ ನೆನಪಿಸಬೇಕಾಗಿಲ್ಲ.

ನಾನು ಮನೆಅಳಿಯ. ಚಿಂತಾಮಣಿ ಕಡೆಯ ಊರಿನಲ್ಲಿ ಐವರು ಗಂಡುಮಕ್ಕಳ ನಡುವೆ ಹುಟ್ಟಿ, ಶಿಡ್ಲಘಟ್ಟದ ಹತ್ತಿರದ ಹಳ್ಳಿಗೆ ಹೆಂಡತಿಯ ಮನೆಯಲ್ಲಿರಲು ಬಂದವನು. ಮಾವ ತೀರಿಹೋಗಿದ್ದರು. ಇದ್ದವಳು ಒಬ್ಬಳೇ ಮಗಳು. ಹೊಲ, ತೋಟ, ಹುಳುಮನೆ ನೋಡಿಕೊಳ್ಳಲು ಒಂದು ಗಂಡುದಿಕ್ಕು ಬೇಕಿತ್ತು. ನನಗೆ ಪಕ್ಕದ ಶಾಲೆಯಲ್ಲಿ ಮೇಷ್ಟರ ಕೆಲಸವೂ ಸಿಕ್ಕಿತು. ಅರಳಿಕಟ್ಟೆಯಲ್ಲಿ ಕೂತವರು "ಅಳಿಯ ಅಲ್ಲ, ಮಗಳ ಗಂಡ" ಎಂದು ನಕ್ಕರೆ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಹೊಟ್ಟೆಯಲ್ಲಿ ಕಲ್ಲಿದೆ ಎಂಬ ಸುದ್ದಿ ಹಬ್ಬಿದ ಮೇಲಂತೂ ಅವರಿಗೆ ಹಬ್ಬ. "ಅತ್ತೆ ಮನೆ ತುಪ್ಪ ಕಣಪ್ಪ, ಹೆಪ್ಪುಗಟ್ಟೈತೆ" ಎಂದರು. ನಾನು ಎರಡು ತಿಂಗಳು ಆ ದಾರಿಯಲ್ಲೇ ನಡೆಯಲಿಲ್ಲ.

ಅತ್ತೆಯ ವಿಷಯ ಹೇಳಬೇಕು. ನಮ್ಮ ಮನೆತನಗಳಲ್ಲಿ ಅತ್ತೆಯಾದವರು ಅಳಿಯನ ಎದುರಿಗೆ ಬರುವುದಿಲ್ಲ, ನೇರವಾಗಿ ಮಾತಾಡುವುದೂ ಇಲ್ಲ. ಬೇರೆ ಊರಿನ ಅಳಿಯನಾದರೆ ವರ್ಷಕ್ಕೆ ನಾಲ್ಕು ದಿನದ ಮರ್ಯಾದೆ, ಹೇಗೋ ನಡೆದುಹೋಗುತ್ತದೆ. ಒಂದೇ ಸೂರಿನ ಕೆಳಗೆ ಒಂಬತ್ತು ವರ್ಷ ಅದನ್ನು ನಡೆಸಲು ಹಟ ಬೇಕು. ನಮ್ಮತ್ತೆಗೆ ಹಟವಿತ್ತು. ಹೆಂಡತಿ ಮನೆಯಲ್ಲಿದ್ದರೆ ಅವಳ ಮೂಲಕ ಮಾತು, ಇಲ್ಲದಿದ್ದರೆ ಕೊಟ್ಟಿಗೆಯ ಹಸುವಿನ ಮೂಲಕ. "ನೀರು ಕಾದೈತೆ ಕಣವ್ವ, ಹುಯ್ಕೊಳ್ಳೋರು ಹುಯ್ಕೊಂಡ್ರೆ ಆಯ್ತು" ಎಂದು ಹಸುವಿಗೆ ಹೇಳುವರು. ನಾನು ಎದ್ದು ಬಚ್ಚಲಿಗೆ ಹೋಗುವೆ. ಊಟಕ್ಕೆ ಕೂತಾಗ ಅಡಿಗೆಮನೆಯ ಬಾಗಿಲ ಮರೆಯಿಂದ ತುಪ್ಪದ ಗಿಂಡಿ ಹೆಂಡತಿಯ ಕೈಗೆ ಬರುತ್ತಿತ್ತು. ಹಾಲು ಕರೆಯುವುದು, ಮೊಸರು ಕಡೆಯುವುದು, ಬೆಣ್ಣೆ ಕಾಸುವುದು ಎಲ್ಲ ಅವರದೇ. ಅವರು ನನ್ನನ್ನು ಮೆಚ್ಚಿ ಇಟ್ಟುಕೊಂಡಿದ್ದಾರೋ, ವಿಧಿಯಿಲ್ಲದೆ ಸಾಕುತ್ತಿದ್ದಾರೋ ನನಗೆ ಗೊತ್ತಾಗುತ್ತಿರಲಿಲ್ಲ. ಕೇಳುವ ಹಾಗೂ ಇರಲಿಲ್ಲ. ಒಂಬತ್ತು ವರ್ಷವೂ ಈ ಅನುಮಾನ ನನ್ನನ್ನು ತಿಂದಿತು.

ನೋವು ಮೊದಲು ಬಂದದ್ದು ಒಂದು ಮದುವೆ ಊಟದ ಮೇಲೆ. ಬಲಗಡೆಯ ಪಕ್ಕೆಲುಬಿನ ಕೆಳಗೆ ಯಾರೋ ಹಗ್ಗ ಕಟ್ಟಿ ಬೆನ್ನಿನ ಕಡೆಗೆ ಎಳೆದಂತಾಯಿತು. ಅಜೀರ್ಣ ಎಂದರು, ವಾಯು ಎಂದರು. ಕಣ್ಣು ಹಳದಿಯಾದಾಗ ಗೌರಿಬಿದನೂರಿನ ಕಡೆಯ ಪಂಡಿತರೊಬ್ಬರು ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿದರು. ಕಲ್ಲು ಎಂದು ಚಿಂತಾಮಣಿಯ ಡಾಕ್ಟರು ಹೇಳಿದ ಮೇಲೆ ಮನೆಯಲ್ಲಿ ಹುರುಳಿ ಕಟ್ಟಿನ ಕಾಲ ಬಂತು. ಬೆಳಿಗ್ಗೆ ಹುರುಳಿ, ಸಂಜೆ ಹುರುಳಿ. ಕಲ್ಲು ಕರಗಲಿಲ್ಲ, ನಾನು ಕರಗಿದೆ. ಕನ್ನಡಿಯಲ್ಲಿ ನೋಡಿಕೊಂಡರೆ ನಮ್ಮ ತಾತ ಕಾಣುತ್ತಿದ್ದ. ಕೊನೆಗೆ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋದೆ.

ಅಲ್ಲಿನ ಡಾಕ್ಟರು ವಯಸ್ಸಾದವರು, ಸಮಾಧಾನಿ. ಮೇಜಿನ ಮೇಲೆ ಬದನೆಕಾಯಿಯಂತೆ ಒಂದು ಚಿತ್ರ ಬರೆದು ತೋರಿಸಿದರು. "ಇದು ಪಿತ್ತದ ಚೀಲ. ತೆಗೀಲೇಬೇಕು. ಯಾವಾಗ ಅನ್ನೋದೇ ಪ್ರಶ್ನೆ. ಚೀಲ ಇನ್ನೂ ಕೆಲಸ ಮಾಡ್ತಿದ್ರೆ ಮೂರು ತಿಂಗಳು ಕಾಯೋಣ, ನೀವು ಮೈ ತುಂಬಿಕೊಳ್ಳಿ. ಕೆಟ್ಟು ಮುಚ್ಚಿಹೋಗಿದ್ರೆ ಕಾಯೋ ಹಾಗಿಲ್ಲ. ಆದ್ರೆ ಈಗಿರೋ ಮೈಯಲ್ಲಿ ಕತ್ತರಿ ಆಡಿಸೋಕೆ ನನಗೇ ಧೈರ್ಯ ಸಾಲದು" ಎಂದರು. ಅದನ್ನು ತಿಳಿಯಲು ಒಂದು ಎಕ್ಸ್‌ರೇ. ಹಿಂದಿನ ಸಂಜೆ ಆರು ಗಂಟೆಯೊಳಗೆ ಊಟ, ಅದರಲ್ಲಿ ಎಣ್ಣೆ ತುಪ್ಪದ ಸೋಂಕೂ ಇರಕೂಡದು. ಆಮೇಲೆ ಐದೈದು ನಿಮಿಷಕ್ಕೆ ಒಂದರಂತೆ ಆರು ಮಾತ್ರೆ. ಆ ಮದ್ದು ಚೀಲದೊಳಗೆ ತುಂಬಿಕೊಂಡರೆ ಚಿತ್ರದಲ್ಲಿ ಚೀಲ ಬೆಳ್ಳಗೆ ಕಾಣುತ್ತದೆ. ಜಿಡ್ಡು ತಿಂದರೆ ಚೀಲ ಹಿಂಡಿಕೊಂಡು ಖಾಲಿಯಾಗುತ್ತದೆ, ಆಗ ಕೆಟ್ಟ ಚೀಲದಂತೆಯೇ ಏನೂ ಕಾಣುವುದಿಲ್ಲ. ನಾನು ಮನೆಗೆ ಬಂದು ಹೆಂಡತಿಗೆ ಎರಡು ಸಲ ಬಿಡಿಸಿ ಹೇಳಿದೆ. ಬಾಗಿಲ ಮರೆಯಲ್ಲಿ ಸೆರಗು ಅಲುಗಿತು, ಅತ್ತೆಯೂ ಕೇಳಿಸಿಕೊಂಡರು.

ಹೆಂಡತಿಗೆ ಆಗ ಏಳು ತಿಂಗಳು. ನನಗೇನಾದರೂ ಆದರೆ ಹುಟ್ಟುವ ಮಗು ನನ್ನ ಮುಖ ನೋಡುವುದಿಲ್ಲ ಎಂಬ ಯೋಚನೆ ಎದ್ದರೆ ಕೂತರೆ ಬರುತ್ತಿತ್ತು. ಅವಳಿಗೂ ಬರುತ್ತಿತ್ತೇನೋ, ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ.

ಆ ಸಂಜೆ ಇನ್ನೂ ಬಿಸಿಲಿತ್ತು. ರೇಷ್ಮೆಹುಳುಗಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದು ಸೊಪ್ಪಿಗೆ ಬಿದ್ದಿದ್ದವು. ತಟ್ಟೆಗಳಲ್ಲಿ ಅವು ಮೇಯುವ ಸರಸರ ಸದ್ದು ನಡುಮನೆಯವರೆಗೆ ಕೇಳುತ್ತಿತ್ತು. ಹೆಂಡತಿ ಒಳಗಿನಿಂದ ಊಟದ ತಟ್ಟೆ ತಂದಿಟ್ಟಳು. ಮೆತ್ತಗಿನ ಅನ್ನ, ಒಗ್ಗರಣೆಯಿಲ್ಲದ ಬೇಳೆಕಟ್ಟು. ನೀರು ತರಲು ಅವಳು ಹಿತ್ತಲಿಗೆ ಹೋದಳು. ನಾನು ಅನ್ನದ ರಾಶಿಗೆ ಬೆರಳಿಟ್ಟೆ. ಮೇಲೆ ಒಣ ಅನ್ನ, ಕೆಳಗೆ ಬೆರಳು ಜಾರಿತು. ಘಮ ಮೂಗಿಗೆ ಬಂತು. ಅಡಿಯಲ್ಲಿ ತುಪ್ಪ ನಿಂತಿತ್ತು, ಚಮಚೆಯಷ್ಟಲ್ಲ, ಹಬ್ಬದ ದಿನ ಬಡಿಸುವಷ್ಟು.

ಬಾಗಿಲ ಕಡೆ ನೋಡಿದೆ. ಸೆರಗಿನ ಅಂಚು ಅಲ್ಲೇ ಇತ್ತು, ಸ್ವಲ್ಪವೂ ಅಲುಗಲಿಲ್ಲ.

ನಾನು ಮೇಷ್ಟರು. ಡಾಕ್ಟರು ಹೇಳಿದ ಪ್ರತಿ ಮಾತೂ ನನ್ನ ತಲೆಯಲ್ಲಿತ್ತು. ತಟ್ಟೆ ಸರಿಸಿ ಎದ್ದರೆ ಮುಗಿಯುತ್ತಿತ್ತು. ಆದರೆ ಎದ್ದರೆ ಹೆಂಡತಿ ಯಾಕೆ ಎನ್ನುತ್ತಾಳೆ, ತಟ್ಟೆ ನೋಡುತ್ತಾಳೆ, ತಾಯಿಯ ಮೇಲೆ ಬೀಳುತ್ತಾಳೆ. ಅದೊಂದೇ ಕಾರಣವಲ್ಲ. ನಾನು ಒಂಬತ್ತು ವರ್ಷದಿಂದ ಕೇಳಲಾಗದೆ ನುಂಗಿಕೊಂಡ ಪ್ರಶ್ನೆಗೆ ಉತ್ತರ ಆ ಅನ್ನದ ಕೆಳಗಿತ್ತು. ಅದನ್ನು ಹಿಂದಕ್ಕೆ ಕಳಿಸಲು ನನ್ನಿಂದ ಆಗಲಿಲ್ಲ. ತಟ್ಟೆ ಬಳಿದು ಉಂಡೆ. ಕಣ್ಣಲ್ಲಿ ನೀರು ಬಂತು. ಹೆಂಡತಿ ನೋವೇನೋ ಎಂದು ಗಾಬರಿಯಾದಳು. ಏನಿಲ್ಲ ಎಂದು ಹೇಳಿ ಆರು ಮಾತ್ರೆಗಳನ್ನೂ ಗಡಿಯಾರ ನೋಡಿ ನುಂಗಿದೆ.

ಬೆಳಿಗ್ಗೆ ಶಿಡ್ಲಘಟ್ಟದಿಂದ ಪುಟ್ಟ ರೈಲು. ಆ ಸಣ್ಣ ಹಳಿಯ ಗಾಡಿ ಈಗಿನವರಿಗೆ ಗೊತ್ತಿಲ್ಲ. ಅದು ಓಡುತ್ತಿತ್ತು ಎನ್ನುವುದಕ್ಕಿಂತ ಅಡ್ಡಾಡುತ್ತಿತ್ತು ಎನ್ನಬೇಕು. ಹೆಂಡತಿ ಬರುವ ಹಾಗಿರಲಿಲ್ಲ, ಹುಳ ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಜೊತೆಗೆ ಅತ್ತೆ ಹೊರಟರು. ಅವರು ಹುಟ್ಟಿದ ಮೇಲೆ ರೈಲು ಹತ್ತಿದ್ದು ಅದೇ ಮೊದಲು. ಒಂದೇ ಡಬ್ಬಿಯಲ್ಲಿ ನಾನು ಈ ತುದಿ, ಅವರು ಆ ತುದಿ, ನನಗೆ ಬೆನ್ನು ಮಾಡಿಕೊಂಡು. ತಲೆಯ ಸೆರಗು ಹಣೆಯವರೆಗೆ. ಪಕ್ಕದ ಹೆಂಗಸಿಗೆ ಅವರು ಹೇಳುವುದು ನನಗೆ ಕೇಳುತ್ತಿತ್ತು. "ಆ ಕಡೆ ಕೂತವ್ರಲ್ಲ, ಅವ್ರು ಬೆಳಿಗ್ಗೆಯಿಂದ ಬಾಯಿಗೆ ಏನೂ ಹಾಕಿಲ್ಲ ಕಣಮ್ಮ. ಅಲ್ಲಿ ಗಾಳಿ ಬೀಸ್ತೈತೆ, ಶಾಲು ಹೊದ್ಕೊಂಡ್ರೆ ಆಗದಾ?" ನಾನು ಶಾಲು ಹೊದ್ದುಕೊಂಡೆ. ಹೊರಗೆ ನಂದಿ ಬೆಟ್ಟದ ತಲೆ ಮೋಡದಲ್ಲಿ ಮುಳುಗಿತ್ತು. ಹೊಗೆ ಒಳಗೆ ಬರುತ್ತಿತ್ತು, ರಾಗಿ ಹೊಲಗಳು ನಿಧಾನವಾಗಿ ಹಿಂದೆ ಸರಿಯುತ್ತಿದ್ದವು. ನನಗೆ ಕಣ್ಣು ಮುಚ್ಚಿ ಮುಚ್ಚಿ ಹೋಗುತ್ತಿತ್ತು. ಹೀಗೇ ಹೋಗುತ್ತಲೇ ಇದ್ದರೆ, ಎಂದೂ ಇಳಿಯದೇ ಇದ್ದರೆ ಎಷ್ಟು ಚೆನ್ನ ಎನಿಸಿತು.

ಎಕ್ಸ್‌ರೇ ಕೋಣೆ ಕತ್ತಲು. ತಣ್ಣಗಿನ ಮೇಜಿನ ಮೇಲೆ ಮಲಗಿಸಿ, ಉಸಿರು ಹಿಡಿ ಎಂದರು, ಬಿಡು ಎಂದರು. ಮತ್ತೆ ಹಿಡಿ ಎಂದರು. ಬಹಳ ಹೊತ್ತಿನ ಮೇಲೆ ಡಾಕ್ಟರು ಇನ್ನೂ ಒದ್ದೆಯಾಗಿದ್ದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಪಕ್ಕೆಲುಬುಗಳು ಕಂಡವು. ಅವುಗಳ ಕೆಳಗೆ ಏನೂ ಇರಲಿಲ್ಲ.

"ಚೀಲ ಕಾಣ್ತಿಲ್ಲ" ಎಂದರು ಡಾಕ್ಟರು. "ನಿನ್ನೆ ಸಂಜೆ ಜಿಡ್ಡೇನಾದ್ರೂ ತಿಂದ್ರಾ? ನಿಜ ಹೇಳಿ. ತಿಂದಿದ್ರೆ ಇನ್ನೊಂದು ಸಲ ತೆಗೆದು ನೋಡಬಹುದು. ತಿಂದಿಲ್ಲ ಅಂದ್ರೆ ಚೀಲ ಕೆಟ್ಟಿದೆ ಅಂತಲೇ. ನಾಡಿದ್ದೇ ಆಪರೇಷನ್ ಮಾಡಬೇಕಾಗುತ್ತೆ."

ಬಾಗಿಲಿಗೆ ಹಸಿರು ಬಟ್ಟೆಯ ಪರದೆ. ಅದರ ಕೆಳಗೆ ಅತ್ತೆಯ ಬರಿಗಾಲು ಕಾಣುತ್ತಿತ್ತು.

"ಇಲ್ಲ ಸಾರ್" ಎಂದೆ.

ಹೇಗೆ ಹೇಳಿದೆನೋ. ನಾಡಿದ್ದು ಎಂಬ ಮಾತು ಬೇರೆ ಯಾರಿಗೋ ಹೇಳಿದಂತೆ ಕೇಳಿತು. ಪರಸ್ಥಳದಲ್ಲಿ, ಗಂಡಸರ ಮುಂದೆ, ಅವರನ್ನು ಅಪರಾಧಿ ಮಾಡಿ ನಿಲ್ಲಿಸಲಾರೆ ಎಂಬುದಷ್ಟೇ ನನಗೆ ಗಟ್ಟಿಯಾಗಿ ಗೊತ್ತಿತ್ತು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಒಂದು ಕಾಗದ ತೆಗೆದು, ಕಡೆಯವರು ಯಾರಿದ್ದಾರೆ, ಒಪ್ಪಿಗೆ ಬೇಕು ಎಂದರು. ಅತ್ತೆ ಪರದೆಯ ಅಂಚಿನವರೆಗೆ ಬಂದು ನಿಂತರು, ಮುಖ ಗೋಡೆಗೆ. ಡಾಕ್ಟರು ಅವರಿಗೆ ತಿಳಿಯುವಂತೆ ಓದಿ ಹೇಳಿದರು. "ಚೀಲ ಪೂರ್ತಿ ಕೆಟ್ಟಿದೆಯಮ್ಮ, ಅದಕ್ಕೇ ಅವಸರ. ಮೈಯಲ್ಲಿ ಶಕ್ತಿ ಇಲ್ಲ. ಜೀವಕ್ಕೆ ಅಪಾಯ ಇಲ್ಲ ಅಂತ ನಾನು ಹೇಳೋಕಾಗಲ್ಲ. ಇಲ್ಲಿ ಹೆಬ್ಬೆಟ್ಟು ಒತ್ತಿ."

ಮಸಿಯ ಡಬ್ಬಿ ಮುಂದೆ ಬಂತು. ಅತ್ತೆಯ ಕೈ ಮೇಲೇಳಲಿಲ್ಲ.

"ಒತ್ತಲ್ಲ ಸ್ವಾಮಿ" ಎಂದರು. "ಅವ್ರು ಸುಳ್ಳು ಹೇಳ್ತಾವ್ರೆ. ತುಪ್ಪ ನಾನೇ ಹಾಕಿದ್ದು, ಅನ್ನದ ಕೆಳಗೆ, ಮಗಳಿಗೂ ಗೊತ್ತಿಲ್ದಂಗೆ. ಅವ್ಳ ಅಪ್ಪಂಗೆ ಹೊಟ್ಟೆನೋವು ಬಂದಾಗ ಡಾಕ್ಟ್ರು ಏನೂ ಕೊಡಬ್ಯಾಡಿ ಅಂದ್ರು. ಕೊಡ್ಲಿಲ್ಲ. ಒಂದು ತುತ್ತು ಅನ್ನ ಕೇಳ್ತಾ ಕೇಳ್ತಾ ಗಾಡಿ ಹತ್ತಿದ್ರು, ವಾಪಸ್ ಬರ್ಲಿಲ್ಲ. ಇನ್ನೊಬ್ಬರನ್ನ ಒಣಬಾಯಲ್ಲಿ ಆಸ್ಪತ್ರೆಗೆ ಕಳಿಸಕ್ಕೆ ನಂಗೆ ಮನಸ್ಸು ಬರ್ಲಿಲ್ಲ."

ಆಮೇಲೆ ಅವರು ನನ್ನ ಕಡೆ ತಿರುಗಿದರು. ಸೆರಗು ತಲೆಯಿಂದ ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ. ಅವರ ಮುಖವನ್ನು ನಾನು ಪೂರ್ತಿಯಾಗಿ ನೋಡಿದ್ದು ಆಗಲೇ. ಹೆಂಡತಿಯ ಹಾಗೆಯೇ ಗದ್ದದಲ್ಲಿ ಸಣ್ಣ ಗುಳಿಯಿತ್ತು.

"ನಾನು ಓದಿಲ್ಲ, ಬರ್ದಿಲ್ಲ, ಏನೋ ತಿಳೀದೆ ಹಾಕ್ದೆ. ಮಕ್ಕಳಿಗೆ ಪಾಠ ಹೇಳೋನು ನೀನು, ಗೊತ್ತಿದ್ದೂ ಯಾಕಪ್ಪ ತಿಂದೆ?"

"ನೀವು ಹಾಕಿದ್ರಲ್ಲ, ಅದಕ್ಕೆ" ಎಂದೆ.

ಅವರು ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತರು. ಡಾಕ್ಟರು ಒಪ್ಪಿಗೆಯ ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟು, "ನಾಲ್ಕು ದಿನ ಬಿಟ್ಟು ಇನ್ನೊಂದು ಸಲ ತೆಗೆಯೋಣ, ಅಲ್ಲೀವರೆಗೆ ಅನ್ನ ಬಡಿಸೋರು ಇಲ್ಲೇ, ನನ್ನ ಕಣ್ಣ ಮುಂದೆಯೇ ಇರಲಿ" ಎಂದರು.

ಊರಿಗೆ ಹೇಳಿಕಳಿಸಿ, ನಾಲ್ಕು ದಿನವೂ ಆಸ್ಪತ್ರೆಯ ಹತ್ತಿರದ ಛತ್ರದಲ್ಲಿ ಉಳಿದೆವು. ಅತ್ತೆ ಮೂರು ಕಲ್ಲು ಹೂಡಿ ಗಂಜಿ ಕಾಸಿದರು. ನಾನು ಉಣ್ಣುವಾಗ ಎದುರಿಗೇ ಕೂತರು, ಹಸುವಿನ ನೆಪವಿಲ್ಲದೆ, ಇನ್ನೂ ಬೇಕೇ ಎಂದು ನನ್ನನ್ನೇ ಕೇಳಿದರು. ಎರಡನೇ ಚಿತ್ರದಲ್ಲಿ ಚೀಲ ಕಂಡಿತು, ಸಣ್ಣ ಮಾವಿನಮಿಡಿಯಂತೆ ಬೆಳ್ಳಗೆ, ಒಳಗೆ ಐದಾರು ಕಪ್ಪು ಕಾಳು. ಇನ್ನೂ ಜೀವ ಇದೆ, ಮೂರು ತಿಂಗಳು ಕಾಯಬಹುದು ಎಂದರು ಡಾಕ್ಟರು. ಮೂರು ತಿಂಗಳು ನಾನು ಕೆನೆ ತೆಗೆದ ಹಾಲು, ಹಣ್ಣು, ಮುದ್ದೆ ತಿಂದು ಮಲಗಿದೆ. ಮಗಳು ಹುಟ್ಟಿದಳು. ಅವಳ ಬೆರಳನ್ನು ನನ್ನ ಬೆರಳಿಗೆ ಸುತ್ತಿಕೊಂಡು ಮಧ್ಯಾಹ್ನಗಳು ಕಳೆದವು. ಸಾಯುವುದಕ್ಕೆ ನನಗೆ ಆಗ ಸ್ವಲ್ಪವೂ ಮನಸ್ಸಿರಲಿಲ್ಲ, ಹೆದರಿಕೆ ಮೊದಲಿಗಿಂತ ಹೆಚ್ಚಾಗಿತ್ತು.

ಆಪರೇಷನ್ನಿನ ಹೊತ್ತಿಗೆ ಹೆಂಡತಿ ಬಾಣಂತಿ, ನೋಡಿಕೊಳ್ಳಲು ಅವಳ ಚಿಕ್ಕಮ್ಮ ಬಂದಿದ್ದರು. ನನ್ನ ಜೊತೆ ಮತ್ತೆ ಅತ್ತೆಯೇ. ಈ ಸಲ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಮೊದಲೇ ಚುಚ್ಚಿದ್ದ ಇಂಜೆಕ್ಷನ್ನಿಗೆ ನಾನು ತೇಲುತ್ತಿದ್ದೆ. ತಳ್ಳುಗಾಡಿಯಲ್ಲಿ ಮಲಗಿಸಿ ಉದ್ದನೆಯ ಓಣಿಯಲ್ಲಿ ತಳ್ಳಿಕೊಂಡು ಹೋದರು. ಮೇಲೆ ಬಿಳಿ ಸೂರು ಹೊಳೆಯ ನೀರಿನಂತೆ ಹರಿಯುತ್ತಿತ್ತು. ಅತ್ತೆ ಪಕ್ಕದಲ್ಲೇ ಬಿರಬಿರನೆ ನಡೆಯುತ್ತ, ಒಂಬತ್ತು ವರ್ಷದ್ದೆಲ್ಲ ಸೇರಿಸಿ ಬೈಯುತ್ತಿದ್ದರು. ಬಾವಿಯ ಗಡಗಡೆಗೆ ಎಣ್ಣೆ ಹಾಕಿಸಲಿಲ್ಲ ಎಂದರು, ಬದುವಿನ ಹುಣಸೆಮರ ಕೇಳದೆ ಕಡಿಸಿದೆ ಎಂದರು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದರು. ಬಾಗಿಲ ಹತ್ತಿರ ಅವರನ್ನು ತಡೆದು ನಿಲ್ಲಿಸಿದರು. ಆಗ ಅವರು ಬಗ್ಗಿ, ನನ್ನ ಕಿವಿಯ ಹತ್ತಿರ, ಯಾರಿಗೂ ಕೇಳದ ಹಾಗೆ ಹೇಳಿದರು:

"ಬೇಗ ಬಂದ್ಬಿಡು ಕಣಪ್ಪ. ನಂಗೆ ಒಬ್ಬಳೇ ರೈಲು ಹತ್ತಿ ಊರಿಗೆ ಹೋಗಕ್ಕೆ ಬರಲ್ಲ."