ಜಡೆ ಬಿಚ್ಚಿದ ಮೇಲೆ ಬಂದ ಮಾತು

ಹೆರಿಗೆ ವಾರ್ಡಿನಲ್ಲಿ ಅವಳನ್ನು ಎಲ್ಲರೂ ಬಾಚಣಿಗೆ ಸಿಸ್ಟರ್ ಎನ್ನುತ್ತಿದ್ದರು. ರಕ್ತದೊತ್ತಡ ಏರಿದ ಬಸುರಿಯರ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದ ಮೇಲೆ, ಬೆನ್ನ ಹಿಂದೆ ಕುಳಿತು ತಲೆ ಬಾಚುವುದು ಅವಳ ಪದ್ಧತಿ. "ಇದೇನು ಆಸ್ಪತ್ರೆಯೋ, ಬ್ಯೂಟಿ ಪಾರ್ಲರೋ?" ಎಂದು ಹಿರಿಯ ನರ್ಸ್ ಎಷ್ಟು ಗೊಣಗಿದರೂ ಅವಳು ಕಿವಿಗೆ ಹಾಕಿಕೊಂಡವಳಲ್ಲ. ಎದುರು ನಿಂತು "ತಲೆನೋವಿದೆಯಾ?" ಎಂದರೆ ಯಾವ ಸೊಸೆ ತಾನೇ ಅತ್ತೆಯ ಮುಂದೆ ಹೂಂ ಎಂದಾಳು? ಮುಖ ಆಚೆ ತಿರುಗಿ, ಕೂದಲಲ್ಲಿ ಬೆರಳಾಡುವಾಗ ಮಾತು ತಾನಾಗಿ ಬರುತ್ತದೆ. "ಕಿವಿ ದೇವರು ಕೊಟ್ಟಿದ್ದು, ಬಾಚಣಿಗೆ ನಾನು ತಂದಿದ್ದು," ಎಂದು ಅವಳು ನಗುತ್ತಿದ್ದಳು.

ಆ ಮಧ್ಯಾಹ್ನ ಕಿಟಕಿ ಪಕ್ಕದ ಮಂಚದ ಎಂಟು ತಿಂಗಳ ಬಸುರಿಯ ಅತ್ತೆ ಬಟ್ಟೆಬರೆಯನ್ನೆಲ್ಲ ಚೀಲಕ್ಕೆ ತುರುಕಿ ನಿಂತಿದ್ದಳು.

"ಮಾತ್ರೇಲಿ ಬಿಪಿ ಇಳೀತಲ್ಲ, ಇನ್ನೇನು? ಕೆಳಗೆ ಆಟೋ ಕಾಯ್ತಿದೆ. ನಾನೂ ನಾಲ್ಕು ಹೆತ್ತವಳೇ. ಒಂದಕ್ಕೂ ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ."

"ನಿಮ್ಮ ಪುಣ್ಯ ದೊಡ್ಡದಮ್ಮ. ಅದನ್ನ ಇವಳಿಗೂ ಹಂಚೋಕಾಗುತ್ತಾ?" ಎಂದ ಸಿಸ್ಟರ್ ಸೊಸೆಯತ್ತ ತಿರುಗಿದಳು. "ಹೇಗಿದೀಯ ಪುಟ್ಟಾ?"

"ಚೆನ್ನಾಗಿದೀನಿ ಅಕ್ಕ," ಎಂದಳು ಅವಳು, ಅತ್ತೆಯ ಮುಖ ನೋಡುತ್ತ.

ಸಿಸ್ಟರ್ ಹಿಂದೆ ಕುಳಿತು ಜಡೆ ಬಿಚ್ಚಿದಳು. ಬಾಚಣಿಗೆ ನೆತ್ತಿಗೆ ತಾಗುತ್ತಲೇ ಹುಡುಗಿ ಕುಗ್ಗಿದಳು. ಸಿಸ್ಟರ್ ಬಾಚಣಿಗೆ ಬದಿಗಿಟ್ಟು ಬೆರಳಿನಿಂದಲೇ ಸಿಕ್ಕು ಬಿಡಿಸತೊಡಗಿದಳು.

"ಬೆಳಗ್ಗೆಯಿಂದ ತಲೆ ಸಿಡೀತಿದೆ ಅಕ್ಕ," ಪಿಸುದನಿ ಬಂತು. "ಕಣ್ಮುಂದೆ ಏನೋ ಕಿಡಿ ಕಿಡಿ."

ಮತ್ತೆ ಪಟ್ಟಿ ಸುತ್ತಿ ನೋಡಿದರೆ, ಇಳಿದಿದ್ದ ಬಿಪಿ ಪುನಃ ಮೇಲೇರಿತ್ತು. ಸಿಸ್ಟರ್ ಆಯಾಳನ್ನು ಡಾಕ್ಟರ ಬಳಿಗೆ ಓಡಿಸಿದಳು.

"ಇವಳು ಎಲ್ಲಿಗೂ ಹೋಗೋ ಹಾಗಿಲ್ಲಮ್ಮ. ಬಿಪಿ ಏರಿ ತಲೆ ಸಿಡೀತಿದ್ರೆ ಅದು ಫಿಟ್ಸ್ ಬರೋ ಲಕ್ಷಣ. ದಾರೀಲಿ ಫಿಟ್ಸ್ ಬಂದ್ರೆ ತಾಯಿ, ಮಗು ಇಬ್ಬರೂ ಕೈತಪ್ತಾರೆ."

"ನಮ್ಮನೆ ಸೊಸೇನ ತಡೆಯೋಕೆ ನೀನ್ಯಾರು?" ಅತ್ತೆ ಹುಡುಗಿಯ ಕೈ ಹಿಡಿದೆಳೆದಳು.

ಸಿಸ್ಟರ್ ಬಾಗಿಲಿಗೆ ಅಡ್ಡ ನಿಂತಳು. "ಬೈಯಿರಿ, ಬಾಯಿ ನೋಯೋ ತನಕ ಕೇಳ್ತೀನಿ. ಬಾಗಿಲು ಮಾತ್ರ ಬಿಡಲ್ಲ."

ಆಗ ಹುಡುಗಿಯೇ ಕೈ ಬಿಡಿಸಿಕೊಂಡಳು. ಬಿಚ್ಚುಗೂದಲಲ್ಲೇ ಮಂಚದ ಮೇಲೆ ಕಾಲು ಚಾಚಿದಳು.

"ನಾನು ಬರಲ್ಲ ಅತ್ತೆ. ನಾನು ಬದುಕಬೇಕು."

ಆ ಬಾಯಿಂದ ಅತ್ತೆಗೆ ಎದುರುಮಾತು ಬಂದದ್ದು ಅದೇ ಮೊದಲು. ಅತ್ತೆ ಚೀಲ ಹಿಡಿದೇ ಕುಕ್ಕರಿಸಿದಳು. ಡಾಕ್ಟರು ಬಂದರು, ಫಿಟ್ಸ್ ತಡೆಯುವ ಇಂಜೆಕ್ಷನ್ ಹಾಕಿಸಿದರು. ಆ ಮದ್ದು ಮೈಗೆ ಹೆಚ್ಚಾಗದಂತೆ ಸಿಸ್ಟರ್ ಆಗಾಗ ಉಸಿರು ನೋಡುತ್ತ, ಮೊಣಕಾಲು ತಟ್ಟಿ ನೋಡುತ್ತ, ಮನಸ್ಸಿನಲ್ಲೇ ದೇವರನ್ನು ನೆನೆಯುತ್ತ ಪಕ್ಕ ಬಿಟ್ಟು ಕದಲಲಿಲ್ಲ. ಸಂಜೆ ಆಪರೇಷನ್ ಆಗಿ ಹೆಣ್ಣುಮಗು ಹುಟ್ಟಿತು. ಮೈ ಹಿಡಿಯಷ್ಟು, ಗಂಟಲು ಊರಷ್ಟು!

ಬೆಳಗಾಗುತ್ತಲೇ ಅತ್ತೆ ರಾಗ ಎಳೆದಳು: "ಹೆತ್ತಾಯ್ತಲ್ಲ, ಇನ್ನೆಲ್ಲಿಯ ಬಿಪಿ? ಹೊರಡೋಣ್ವಾ?"

ಹೆತ್ತ ಮೇಲೂ ಒತ್ತಡ ಏರಬಹುದು ಎನ್ನಲು ಸಿಸ್ಟರ್ ಬಾಯಿ ತೆರೆಯುವಷ್ಟರಲ್ಲಿ ಮಂಚದಿಂದಲೇ ಉತ್ತರ ಬಂತು:

"ಡಾಕ್ಟರ್ ಹೇಳೋ ತನಕ ನಾನು ಏಳಲ್ಲ ಅತ್ತೆ. ನೀವು ಹೋಗಿ ಬನ್ನಿ. ಬರ್ತಾ ಮಗೂಗೆ ಬಟ್ಟೆ ತನ್ನಿ."