ಪೂಜೆಗಿಟ್ಟ ಪುಸ್ತಕದ ಅಡಿಟಿಪ್ಪಣಿ

ಮಹಾನವಮಿಯಂದು ಪುಸ್ತಕಗಳನ್ನು ದೇವಿಯ ಮುಂದಿರಿಸಿ, ವಿಜಯದಶಮಿಯವರೆಗೆ ತೆರೆಯದಿರುವುದು ಹಿರಿಯರ ಆಚಾರ. ಉಳಿದ ದಿನಗಳಲ್ಲಿ ತಪ್ಪದೆ ಓದುವವರಿಗೆ ವಿಧಿಸಿದ ವಿರಾಮವದು. ಬಳ್ಳಾರಿಯ ಒಂದು ಸ್ನಾತಕೋತ್ತರ ಕಾಲೇಜಿನಲ್ಲಾದರೋ ವರ್ಷವಿಡೀ ಮಹಾನವಮಿ!

ಜ್ಯೋತಿಲಕ್ಷ್ಮಿ ಸಿರುಗುಪ್ಪ ತಾಲ್ಲೂಕಿನ ಕರೂರಿನವಳು. ಕೂಲಿಗೆ ನೆಲ್ಲು ನಾಟಿ ಮಾಡುವ ಎಲ್ಲಮ್ಮನ ಮಗಳು. ಆ ಕಾಲೇಜಿನ ಕನ್ನಡ ವಿಭಾಗದಲ್ಲಿ ಎಂ.ಎ. ಕೊನೆಯ ವರ್ಷದಲ್ಲಿದ್ದಾಗ ನಾಟಿಯ ಹಾಡುಗಳ ಮೇಲೆ ಕಿರುಪ್ರಬಂಧ ಬರೆಯತೊಡಗಿದಳು. ಮಾರ್ಗದರ್ಶಕರ ಸಹಿಯಿಲ್ಲದೆ ಪ್ರಬಂಧ ಸಲ್ಲದು. ಪ್ರಬಂಧ ಸಲ್ಲದೆ ಪದವಿಯಿಲ್ಲ. ಮಾರ್ಗದರ್ಶಕ ಚನ್ನಬಸವರಾಜರು ಅದೇ ವಿಷಯದಲ್ಲಿ ಪುಸ್ತಕ ಪ್ರಕಟಿಸಿದವರು. ‘ಈ ಸೀಮೆಯ ನಾಟಿಯಲ್ಲಿ ತೆಲುಗು ಹಾಡೇ ಇಲ್ಲ’ ಎಂಬುದು ಅದರ ಪ್ರಸಿದ್ಧ ವಾಕ್ಯ. ಅದನ್ನು ಪ್ರತಿ ಪ್ರಬಂಧದಲ್ಲಿಯೂ ಹಾಗೆಯೇ ನಕಲಿಳಿಸುವುದು ವಿಭಾಗದ ವಾಡಿಕೆ.

ಅವಳು ಆ ವಾಕ್ಯವನ್ನು ತಾಯಿಗೆ ಓದಿ ಹೇಳಿದಳು.

“ಯಾವನವ್ವಾ ಹಂಗ ಬರ್ದಾನ? ನಾಟಿಗೆ ಬಂದಿದ್ನೇನು ಅವ? ಬಂದಿದ್ರ ಸೊಂಟ ಹಿಡ್ಕೊಂಡು ಕುಂದರ್ತಿದ್ದ, ಪುಸ್ತಕ ಬರೀತಿದ್ದಿಲ್ಲ!” ಎಂದು ಎಲ್ಲಮ್ಮ ನಕ್ಕಳು.

ಹೆತ್ತವಳ ಮಾತೆಂದು ಮಗಳು ಅದನ್ನೂ ಹಾಗೆಯೇ ಒಪ್ಪಲಿಲ್ಲ. ಕುರುಗೋಡಿನ ಕಡೆಯ ಗದ್ದೆಗಳಿಗೂ ಹೋಗಿ, ಒಬ್ಬರನ್ನೊಬ್ಬರು ಅರಿಯದ ಗುಂಪುಗಳ ಹಾಡುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಳು. ಎಲ್ಲೆಡೆಯೂ ಕನ್ನಡದ ಜೊತೆಗೆ ತೆಲುಗು ಹರಿಯುತ್ತಿತ್ತು. ಹಾಗಿದ್ದರೆ ಗುರುಗಳಿಗೆ ಆಧಾರವೆಲ್ಲಿಯದು?

ನಗರದ ಗ್ರಂಥಾಲಯದಲ್ಲಿ ಪುಸ್ತಕದ ಮೊದಲ ಮುದ್ರಣ ಸಿಕ್ಕಿತು. ಆ ವಾಕ್ಯಕ್ಕೆ ಅಲ್ಲಿ ಯಾವ ಆಧಾರವನ್ನೂ ಕೊಟ್ಟಿರಲಿಲ್ಲ. ಎರಡನೆಯ ಮುದ್ರಣದ ಪ್ರತಿ ವಿಭಾಗದಲ್ಲಿತ್ತು, ಆದರೆ ಅಂದು ಮಹಾನವಮಿ. “ಪೂಜಿಗಿಟ್ಟಿದ್ದು ಮುಟ್ಟಬಾರ್ದವ್ವ,” ಎಂದರು ಚನ್ನಬಸವರಾಜರು. ಅವಳು ಕೈಮುಗಿದು ಹೋದಳು. ಹಬ್ಬ ಕಳೆದ ಮೇಲೆ ಬಂದು ಕುಂಕುಮ ಒರೆಸಿ ತೆರೆದಳು. ಆ ವಾಕ್ಯದ ಕೆಳಗೀಗ ಅಡಿಟಿಪ್ಪಣಿ ಹುಟ್ಟಿಕೊಂಡಿತ್ತು: ಒಂದು ಜಾಲತಾಣದ ವಿಳಾಸ. ಆ ಜಾಲತಾಣದಲ್ಲಿ ನೋಡಿದರೆ ಅದೇ ವಾಕ್ಯ, ಅದಕ್ಕೆ ಆಧಾರವಾಗಿ ಗುರುಗಳ ಮೊದಲ ಮುದ್ರಣ!

“ಲೇ ಜ್ಯೋತಿ, ಸುಮ್ನ ಬರ್ದು ಸಹಿ ಹಾಕಿಸ್ಕೊ. ನಾವೆಲ್ಲಾ ಬರ್ದಿಲ್ಲೇನು? ಸತ್ತೀವೇನು?” ಎಂದ ಸಹಪಾಠಿ ಶೇಖರ್.

ಅವಳು ನೇರವಾಗಿ ಗುರುಗಳಲ್ಲಿಗೇ ಹೋದಳು.

“ನನ್ನ ಪುಸ್ತಕದಾಗೈತಿ, ಇಂಟರ್‌ನೆಟ್‌ನ್ಯಾಗೂ ಐತಿ. ಎರಡು ಸಾಕ್ಷಿ ಸಾಲವೇನು ನಿನಗ?”

“ಎರಡಲ್ರಿ ಸರ್, ಒಂದೂ ಅಲ್ಲ. ಅದು ನಿಮ್ಮನ್ನ ತೋರಸ್ತೈತಿ, ನೀವು ಅದನ್ನ ತೋರಸ್ತೀರಿ. ಹಾಡೋರನ್ನ ಯಾರೂ ಕೇಳಿಲ್ರಿ.”

“ನಾಟಿ ಹಚ್ಚೋರ ಮಗಳು ನನಗ ಸಂಶೋಧನಿ ಕಲಸ್ತಿಯೇನು? ಆ ವಾಕ್ಯ ಸೇರ್ಸು, ಇಲ್ಲಾಂದ್ರ ಸಹಿ ಇಲ್ಲ.”

ಅವಳು ಸೇರಿಸಲಿಲ್ಲ. ಸಹಿಯೂ ಬೀಳಲಿಲ್ಲ. ಒಂದು ವರ್ಷ ಹೋಯಿತು.

ಕೇಳಿದುದನ್ನು ಪರೀಕ್ಷಿಸು, ಮೂಲವನ್ನು ಹುಡುಕು ಎಂದು ಕಲಿಸಬೇಕಾದ ಪೀಠವೇ, ಹಾಗೆ ಮಾಡಿದವಳನ್ನು ದಂಡಿಸಿತು. ಸರಸ್ವತಿಗೆ ಹೂವೇರಿಸುವ ಕೈ ಸತ್ಯಕ್ಕೆ ಸಹಿ ಹಾಕಲು ಒಪ್ಪದಿದ್ದರೆ ಆ ಹೂವು ಯಾರಿಗೆ ಸಲ್ಲಬೇಕು? ಪೂಜೆಯೆಂಬ ಪವಿತ್ರ ಶಬ್ದವನ್ನು ಸೋಮಾರಿತನಕ್ಕೆ ಹೊದಿಕೆ ಮಾಡಿದುದು ವಿದ್ಯೆಗೂ ದೇವರಿಗೂ ಒಟ್ಟಿಗೆ ಬಗೆದ ದ್ರೋಹ.

ಮರುವರ್ಷ ಅವಳಿಗೆ ಮಾರ್ಗದರ್ಶಕಿಯಾಗಿ ಬಂದ ಹೇಮಾ ಎಂಬ ಅಧ್ಯಾಪಕಿ ಧ್ವನಿಮುದ್ರಣಗಳನ್ನೆಲ್ಲ ಕೇಳಿ, ತಾವೇ ಕರೂರಿಗೆ ಹೋಗಿ ವಿಚಾರಿಸಿ, ಪ್ರಬಂಧಕ್ಕೆ ಸಹಿ ಹಾಕಿದರು. ಮಹಾನವಮಿಯಂದು ಅದನ್ನೂ ಪೂಜೆಗಿಡಲು ಹೊರಟಾಗ ಜ್ಯೋತಿಲಕ್ಷ್ಮಿ ತಡೆದಳು:

“ಬ್ಯಾಡ್ರಿ ಮೇಡಂ. ಹೊರಗೇ ಇರ್ಲಿ, ಯಾರರ ತಗದು ನೋಡ್ಲಿ.”

ದೇವಿಯ ಪಾದದಲ್ಲಿ ಚನ್ನಬಸವರಾಜರ ಪುಸ್ತಕದ ಮೂರನೆಯ ಮುದ್ರಣ ಕುಂಕುಮ ಧರಿಸಿ ಕುಳಿತಿತ್ತು. ಆ ವಾಕ್ಯ ಅದರಲ್ಲಿ ಹಾಗೆಯೇ ಇದೆ. ಅಡಿಟಿಪ್ಪಣಿ ಮಾತ್ರ ಬೆಳೆದಿದೆ: ಜಾಲತಾಣದ ಜೊತೆಗೆ, ಶಿಷ್ಯರ ಪ್ರಬಂಧಗಳೂ ಈಗ ಆಧಾರ.