ಕೆಂಪು ದೀಪ ಆರಿಸಿದ್ದಕ್ಕೆ

ಸ್ನೇಹಿತರೇ, ಗೋಡೆ ನಡೆಯುವುದನ್ನು ನೋಡಿದ್ದೀರಾ? ನಾನು ಇವತ್ತು ಬೆಳಿಗ್ಗೆ ದೇರೆಬೈಲಿನಲ್ಲಿ ನೋಡಿದೆ.

ತಮ್ಮನ ಹೊಸ ಕಾರನ್ನು ಮನೆಯೆದುರಿನ ಏರಿನಲ್ಲಿ ನಿಲ್ಲಿಸಿ ನ್ಯೂಟ್ರಲ್‌ಗೆ ಹಾಕಿದೆ. ಅದರಲ್ಲಿ ಹ್ಯಾಂಡ್‌ಬ್ರೇಕಿನ ಹಿಡಿಕೆ ಇಲ್ಲ, ಸಣ್ಣದೊಂದು ಬಟನ್ ಮಾತ್ರ. ಅದನ್ನು ಮೇಲಕ್ಕೆ ಎಳೆದ ಕೂಡಲೇ ಕೆಂಪು ದೀಪ ಹತ್ತಿತು. ಏನೋ ಹಾಳಾಯಿತೆಂದು ಹೆದರಿ ಬಟನ್ ಒತ್ತಿದೆ. ದೀಪ ಆರಿತು. ನೆಮ್ಮದಿಯಿಂದ ಬ್ರೇಕಿನ ಮೇಲಿನ ಕಾಲು ತೆಗೆದು, ಹಿಂದಿನ ಸೀಟಿನಲ್ಲಿದ್ದ ಚೀಲಕ್ಕೆ ಕೈ ಚಾಚಿದೆ. ಆಗಲೇ ಪಕ್ಕದ ಕಂಪೌಂಡ್ ಗೋಡೆ ಮೆಲ್ಲಗೆ ಮುಂದೆ ಹೋಗತೊಡಗಿತು. ಗೋಡೆ ಯಾಕೆ ಹೋಗುತ್ತಿದೆ ಎಂದು ನಾನು ನೋಡುತ್ತಲೇ ಇದ್ದೆ.

"ಬ್ರೇಕ್ ಒತ್ತು ಮಾರಾಯ್ತಿ! ಹಿಂದೆ ನಾನಿದ್ದೇನೆ!"

ಪಕ್ಕದ ಮನೆಯ ಲಿಲ್ಲಿ ಆಂಟಿಯ ಕೂಗು. ಒತ್ತಿದೆ. ಅವರಿಗೂ ಬಂಪರಿಗೂ ಒಂದೇ ಗೇಣು ಉಳಿದಿತ್ತು.

ಆಂಟಿ ಮಸ್ಕತ್ತಿನಲ್ಲಿ ನರ್ಸ್ ಆಗಿದ್ದವರು, ಅಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವರು. ಕಿಟಕಿಯ ಹತ್ತಿರ ಬಂದು, "ನೀನು ಎಂತ ಮಾಡಿದ್ದು?" ಎಂದರು.

"ಕೆಂಪು ಲೈಟ್ ಬಂತು ಆಂಟಿ, ಆಫ್ ಮಾಡಿದೆ."

"ದೇವಾ! ಕೆಂಪು ಉಂಟಾದ್ರೆ ಬ್ರೇಕ್ ಬಿದ್ದಿದೆ ಅಂತ ಲೆಕ್ಕ. ಈಗ ಕಾಲು ತೆಗೀಬೇಡ. ಬಟನ್ ಎಳಿ, ಲೈಟ್ ನೋಡು, ಎಂಜಿನ್ ಆಫ್ ಮಾಡಿ ಗೇರ್ ಹಾಕು. ಮತ್ತೆ ಮೆಲ್ಲ ಕಾಲು ಬಿಡು."

ಹಾಗೆಯೇ ಮಾಡಿದೆ. "ಹಾಗಾದರೆ ಯಾವ ಲೈಟ್ ಬಂದರೆ ಹೆದರಬೇಕು ಆಂಟಿ?" ಎಂದು ಕೇಳಿದೆ.

ಅವರು ಗೇಟಿನ ಬದಿಯಿಂದ ದೊಡ್ಡ ಕಲ್ಲೊಂದನ್ನು ತಂದು ಚಕ್ರದ ಹಿಂದೆ ಇಟ್ಟು ಹೋದರು.

ಆ ಕಲ್ಲಿಗೆ ದೀಪವಿಲ್ಲ. ಅದೊಂದು ನನಗೆ ಪೂರ್ತಿ ಅರ್ಥವಾಯಿತು.